ನೀಲವ್ವನ ಮನೆಯ ನೀರು

ಸುಟ್ಟ ಮನೆಯ ಬೂದಿಯ ಮುಂದೆ ನಿಂತಿದ್ದ ಹೆಂಗಸು ನನ್ನನ್ನು ನೋಡಿ ಮೊದಲು ಕೇಳಿದ ಮಾತು: "ಚಾ ಮಾಡಸ್ಲೇನ್ರಿ?"

ಮಾಡಲು ಅವಳಿಗೆ ಒಲೆ ಇರಲಿಲ್ಲ, ಒಲೆಯ ಮೇಲೆ ಸೂರಿರಲಿಲ್ಲ. ಪಕ್ಕದ ಮನೆಯಿಂದ ತರಿಸುವ ಯೋಚನೆ ಅವಳದು. ನಮ್ಮ ಕೊಳ್ಳೇಗಾಲದ ಕಡೆ ಪೊಲೀಸ್ ಜೀಪು ಬಂದರೆ ಜನ ಬಾಗಿಲ ಸಂದಿಯಿಂದ ನೋಡುತ್ತಾರೆ. ಈ ಗದಗ ಸೀಮೆಯಲ್ಲಿ ಮೊದಲು 'ಕುಂಡ್ರಿ' ಅನ್ನುತ್ತಾರೆ, ಅಂದರೆ ಕೂತುಕೊಳ್ಳಿ ಎಂದು. ಯಾರು, ಏನು ಅನ್ನುವುದೆಲ್ಲ ಆಮೇಲೆ. ಬೇಡ ಎಂದರೆ ಕೇಳುವ ಜನವಲ್ಲ. ನನ್ನ ಕೆಲಸವೋ ಬೇಡ ಎನ್ನುವುದೇ.

ನಾನು ವಿಧಿವಿಜ್ಞಾನ ಅಧಿಕಾರಿ. ಅಪರಾಧ ನಡೆದ ಜಾಗದಿಂದ ಬೂದಿ, ಕೂದಲು, ರಕ್ತದ ಕಲೆ ಎತ್ತಿ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುವವಳು. ತರಬೇತಿಯಲ್ಲಿ ಕಲಿಸಿದ್ದು ಇಷ್ಟು: ಸ್ಥಳದಲ್ಲಿ ತಿನ್ನಬೇಡ, ಕುಡಿಯಬೇಡ, ಕೇಸಿನ ಯಾವ ಕಡೆಯ ಋಣವೂ ಬೇಡ. ಕಂಡದ್ದನ್ನು ಬರಿ. ಕಾಣದ್ದನ್ನು ಎಷ್ಟೇ ನಂಬಿದರೂ ಬರೆಯಬೇಡ. ಕೇಳಲು ಸುಲಭ.

ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ಬೆಟಗೇರಿಯಲ್ಲಿ ಮನೆ ಹುಡುಕುವಾಗ "ನೀವು ಯಾರ ಪೈಕಿ?" ಎಂದು ಕೇಳಿದರು. ನಮ್ಮದು ಊರಾಚೆಯ ಕೇರಿ. ನಮ್ಮ ಅಜ್ಜಿಯ ಚಹಾದ ಲೋಟ ಹೋಟೆಲಿನ ಹೊರಗೋಡೆಯ ಗೂಡಿನಲ್ಲೇ ಇರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಖಾಲಿ ಇದ್ದ ಮನೆಗಳು ತಟ್ಟನೆ ಭರ್ತಿಯಾದವು. ಕೊನೆಗೆ ಸಿಕ್ಕಿದ್ದು ನೇಕಾರರ ಗಂಗವ್ವನ ಮಹಡಿ ಕೋಣೆ. ಅವಳು ಕೇಳಿದ್ದು ಬೇರೆಯೇ.

"ರೊಟ್ಟಿ ಬಡಿಯಾಕ ಬರ್ತೈತೇನು?"

"ಇಲ್ಲ."

"ಅಂದ್ರ ಇಲ್ಲೇ ಇರು. ಬ್ಯಾರೆ ಕಡೆ ಹೋದ್ರ ಉಪವಾಸ ಸಾಯ್ತಿ."

ಮುದ್ದೆ ನುಂಗಿ ಬೆಳೆದವಳು ಖಡಕ್ ರೊಟ್ಟಿ ಅಗಿಯುವುದನ್ನು ಕಲಿತೆ. ಒಣಗಿದ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಮೊದಮೊದಲು ದವಡೆ ನೋಯುತ್ತಿತ್ತು. ಸಂಜೆ ದಣಿದು ಬಂದು ಕೆಳಗಿನ ಮಗ್ಗದ ಸದ್ದು ಕೇಳುತ್ತಾ ಕೂತರೆ, ಮಾತಾಡಲು ಯಾರೂ ಇಲ್ಲವಲ್ಲ ಎಂದು ಅಳು ಬರುತ್ತಿತ್ತು. ಅತ್ತೂ ಇದ್ದೇನೆ.

ಬೂದಿಯ ಮುಂದೆ ನಿಂತು ಚಾ ಮಾಡಸ್ಲೇನ್ರಿ ಎಂದ ನೀಲವ್ವನ ಊರು ಲಕ್ಷ್ಮೇಶ್ವರದ ಆಚೆ. ತೀರ್ಪು ಬಂದು ಎಲ್ಲ ಮುಗಿದಿದ್ದರೂ ಊರ ಹೆಸರು ಹೇಳುವುದಿಲ್ಲ, ಅವಳ ಹೆಸರೂ ನಿಜವಲ್ಲ. ಹೊಲದ ದಾರಿಗಾಗಿ ಪಕ್ಕದ ಜಮೀನ್ದಾರರೊಂದಿಗೆ ಜಗಳವಿತ್ತು. ಅವರ ಮಗನೇ ಗುಡಿಸಲಿಗೆ ಬೆಂಕಿ ಹಚ್ಚಿದ ಎಂದು ಅವಳು. ಅವಳ ಒಲೆಯಿಂದಲೇ ಹೊತ್ತಿತು ಎಂದು ಅವರು. ಒಲೆಯ ಬೂದಿಯನ್ನೂ ಹಿಂಗೋಡೆಯ ಹೊರಗಿನ ಮಣ್ಣನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ ಮುಚ್ಚಿದೆ. ಹಿಂಗೋಡೆಯ ಮಣ್ಣು ಸೀಮೆಎಣ್ಣೆ ನಾರುತ್ತಿತ್ತು.

"ಅವನ ಹಚ್ಯಾನಂತ ಬರೀರಿ," ಎಂದಳು ನೀಲವ್ವ.

"ಬೂದಿ ಹೇಳಿದ್ದನ್ನಷ್ಟೇ ನಾನು ಬರೆಯೋದು, ಅವ್ವಾ."

ಪಕ್ಕದ ಮನೆಯಿಂದ ತಂಬಿಗೆಯಲ್ಲಿ ನೀರು ಬಂತು. ಚಹಾ ಬೇಡವೆಂದಿದ್ದೆ, ನೀರೂ ಬೇಡವೆಂದೆ. ತಂಬಿಗೆ ಹಿಡಿದ ನೀಲವ್ವನ ಕೈ ಹಾಗೇ ನಿಂತಿತು.

"ಕೆಳಗಿನ ಮಂದಿ ಮನಿ ನೀರು ಅಂತ ಒಲ್ಲೆ ಅಂತೀರಿ, ಹೌದಲ್ರಿ?"

ನಾನೂ ನಿಮ್ಮ ಕೇರಿಯವಳೇ ಎನ್ನಬಹುದಿತ್ತು. ಅಂದಿದ್ದರೆ ನಾಳೆ ಕೋರ್ಟಿನಲ್ಲಿ ಅದೇ ಅವಳ ಕೇಸಿಗೆ ಕೊಡಲಿಯಾಗುತ್ತಿತ್ತು. "ಕೆಲಸದ ನಿಯಮ ಅವ್ವಾ," ಎಂದೆ. ನಮ್ಮ ನೀರು ಒಲ್ಲೆ ಎನ್ನುವವರೆಲ್ಲ ಎಲ್ಲ ಕಾಲದಲ್ಲೂ ನಮಗೆ ಹೇಳಿದ್ದು ಅದನ್ನೇ, ನಿಯಮ ಎಂದು. ಜೀಪಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ನನ್ನ ಜಾತಿಯ ವಿಷಯವನ್ನು ಮೇಲಧಿಕಾರಿಗೆ ಬರೆದುಕೊಟ್ಟೆ. ಬೇಕಿದ್ದರೆ ಬೇರೆಯವರನ್ನು ಕಳಿಸಿ ಎಂದೆ. ಅವರು ಓದಿ ನಕ್ಕರು. "ಹಂಗ ಹೇಳಾಕ ಹತ್ತಿದ್ರ ಈ ಜಿಲ್ಲಾದಾಗ ಯಾರೂ ಯಾವ ಕೇಸಿಗೂ ಹೋಗಾಂಗಿಲ್ರಿ. ಜಾತಿ ಇಲ್ಲದಾವ ಯಾವನದಾನ? ಇಲ್ಲೀತನಕ ಹೇಳಿದಾಕಿ ನೀವೊಬ್ರ."

ಸಾಕ್ಷಿ ಹೇಳಲು ಕೋರ್ಟಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ನೀಲವ್ವ ಇದ್ದಳು. ಆರೋಪಿಯ ವಕೀಲರು ಎದ್ದರು.

"ದೂರುದಾರರ ಕೇರಿಯಲ್ಲಿ ಚಹಾ ಕುಡಿದಿರಾ?"

"ಇಲ್ಲ."

"ನೀರು?"

"ನೀರೂ ಇಲ್ಲ."

"ನೀವೂ ಅದೇ ಸಮುದಾಯದವರು. ಹೌದೋ ಅಲ್ಲವೋ?"

"ಹೌದು. ಮೇಲಧಿಕಾರಿಗೆ ಮೊದಲೇ ಬರೆದುಕೊಟ್ಟಿದ್ದೇನೆ."

ಹೊರಗೆ ಬೇವಿನ ಮರದ ಕೆಳಗೆ ನೀಲವ್ವ ಎದುರಾದಳು. ಕೈಯಲ್ಲಿ ನೀರಿನ ಬಾಟಲಿ. ಅದನ್ನು ಸೆರಗಿನೊಳಗೆ ಸರಿಸಿಕೊಂಡಳು. "ಈಗ ಕೊಡಾಂಗಿಲ್ರಿ. ಎಲ್ಲಾ ಮುಗದ ಮ್ಯಾಲ ಮನಿಗೆ ಬರ್ರಿ."

ಮುಂದೆ ರಜೆಯಲ್ಲಿ ನಮ್ಮ ಊರಿಗೆ ಹೋದಾಗ ಚಿಕ್ಕಮ್ಮ ನೀರು ತಂದರೆ ನನ್ನ ಬಾಯಿ ತಾನಾಗಿ "ಬ್ಯಾಡ್ರಿ" ಎಂದಿತು. "ನಮ್ಮ ನೀರೂ ಬ್ಯಾಡ್ವಾ? ಅಷ್ಟು ದೊಡ್ಡೋಳಾಗ್ಬುಟ್ಯಾ?" ಎಂದರು ಅಮ್ಮ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ತೀರ್ಪು ಬಂತು. ಬೆಂಕಿ ಹೊರಗಿನಿಂದ ಹಚ್ಚಿದ್ದು ಎಂದು ನನ್ನ ವರದಿಯನ್ನು ಒಪ್ಪಿದರು. ಹಚ್ಚಿದವನು ಇವನೇ ಎನ್ನಲು ಸಾಕ್ಷಿ ಹೇಳುವವರು ಯಾರೂ ಬರಲಿಲ್ಲ. ಹುಡುಗ ಬಿಡುಗಡೆಯಾದ. ಮೇಲಿನ ಕೋರ್ಟಿಗೆ ಯಾರೂ ಹೋಗಲಿಲ್ಲ.

ಮೇಲ್ಮನವಿಯ ಅವಧಿಯೂ ಮುಗಿದ ಮೇಲೆ ಶಿಗ್ಲಿ ಕಡೆಯ ಬಸ್ಸು ಹಿಡಿದು ಹೋದೆ. ಹೊಸ ತಗಡಿನ ಮನೆ. ನೀಲವ್ವ ಕೂರಿಸಿ ಅಂಥದೇ ತಂಬಿಗೆಯಲ್ಲಿ ನೀರು ಕೊಟ್ಟಳು. ಒಂದೇ ಉಸಿರಿಗೆ ಕುಡಿದೆ. ಆಗ ನಾನು ಅವಳ ಮನೆಯ ಮಗಳಾದೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

"ಈಗರ ಹೇಳ್ರಿ," ಎಂದಳು ಖಾಲಿ ತಂಬಿಗೆ ತೆಗೆದುಕೊಳ್ಳುತ್ತಾ. "ಹಚ್ಚಿದಾವ ಯಾರು?"

ನಾನು ಕಂಡದ್ದು ಮಣ್ಣು, ಬೂದಿ. ಮನುಷ್ಯನನ್ನು ಕಂಡಿರಲಿಲ್ಲ.

"ಗೊತ್ತಿಲ್ಲ, ಅವ್ವಾ."

ಅವಳಿಗೆ ಸಿಟ್ಟು ಬರಲಿಲ್ಲ.

"ಊರಿಗೆಲ್ಲಾ ಗೊತ್ತೈತಿ," ಎಂದಳು. "ನಮ್ಮಾಕಿ ನೀ, ನಿನಗೊಬ್ಬಾಕಿಗೆ ಗೊತ್ತಿಲ್ಲ."