ಮೋಟೆಬೆನ್ನೂರಿನ ಸಮುದ್ರ

ದೊಡ್ಡ ಊರುಗಳ ಹೊರಗೆ ಈಗ ಯಂತ್ರದಿಂದ ಅಲೆ ಎಬ್ಬಿಸುವ ಕೊಳಗಳನ್ನು ಕಟ್ಟುತ್ತಿದ್ದಾರೆ. ಟಿಕೆಟ್ ಕೊಂಡರೆ ಸಮುದ್ರ, ಇನ್ನೊಂದಿಷ್ಟು ಕೊಟ್ಟರೆ ಅಲೆಯ ಮೇಲೆ ನಿಲ್ಲಲು ಹಲಗೆ. ಪತ್ರಿಕೆಯಲ್ಲಿ ಅದರ ಬಣ್ಣದ ಚಿತ್ರ ಬಂದಾಗಲೆಲ್ಲ ಬ್ಯಾಡಗಿಯಲ್ಲಿ ಯಾರಾದರೊಬ್ಬರು ನನಗೆ ಹೇಳುತ್ತಾರೆ: "ನಿಮ್ ಮಾಮೂನೂ ಕಟ್ಟಿದ್ನಲ್ಲ. ನಮ್ ಮಂದಿಗೆ ಒಗ್ಗಲಿಲ್ಲ ನೋಡು."

ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಪಾಠವೊಂದಿದೆ: ಎದುರಾಳಿ 'ನಮ್ಮ ಜನ' ಎಂದು ಶುರುಮಾಡಿದರೆ ಅವನ ಬಳಿ ಕಾರಣ ಖಾಲಿಯಾಗಿದೆ ಎಂದೇ ಲೆಕ್ಕ. ಮಂದಿಗೆ ಅಲೆ ಚೆನ್ನಾಗಿಯೇ ಒಗ್ಗಿತ್ತು. ಮಾಮು ಅದನ್ನು ಮುಚ್ಚಿದ್ದೇನೋ ನಿಜ, ಆದರೆ ಮುರಿದದ್ದು ಬೇರೆ.

ಮಾಮು ನನ್ನ ಅಮ್ಮನ ತಮ್ಮ. ಎಂಬತ್ತರ ದಶಕದಲ್ಲಿ ಕೊಲ್ಲಿ ದೇಶಕ್ಕೆ ಹೋಗಿ, ಹೋಟೆಲೊಂದರ ಈಜುಕೊಳದ ಪಂಪು, ಮೋಟಾರು ನೋಡಿಕೊಳ್ಳುತ್ತಿದ್ದ. ಅಲ್ಲಿ ಅವನ ಕೋಣೆಯಲ್ಲಿದ್ದವನು ಹೊನ್ನಾವರದ ಕಡೆಯವನು. ಅವನ ತಂಗಿಯೇ ಮುಂದೆ ನನ್ನ ಮಾಮಿಯಾದಳು. ಕಡಲ ದಂಡೆಯಲ್ಲಿ, ನಡೆಯುವುದರ ಜೊತೆಗೇ ಈಜು ಕಲಿತವಳು, ಮದುವೆಯಾಗಿ ಬಂದು ಇಳಿದದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಬೆನ್ನಿಗಿದ್ದ ನಮ್ಮ ನಾನಿಯ, ಅಂದರೆ ಅಮ್ಮನ ತಾಯಿಯ, ಮನೆಯಲ್ಲಿ.

ಆ ಘಾಟಿನಲ್ಲೇ ಹುಟ್ಟಿದವರು ನಾವು. ಹೊರಗಿನವರು ಬಸ್ಸಿಳಿದು ಸೀನಿದರೆ ನಗುತ್ತೇವೆ. "ನಮ್ಮದು ಬರೇ ಬಣ್ಣ ರೀ, ಖಾರ ಎಲ್ಲೈತಿ?" ಎನ್ನುವುದು ಊರಿನ ಜಂಬ. ಸುಳ್ಳೇನಲ್ಲ, ಬ್ಯಾಡಗಿ ಕಾಯಿ ಹೆಸರಾಗಿರುವುದು ಕೆಂಪಿಗೆ. ಆದರೆ ಮಾಮಿಯ ಎದೆ ಈ ಊರಿನದಲ್ಲ. ಸುಗ್ಗಿ ಬಂತೆಂದರೆ ಗೋಡೆಗೊರಗಿ ಕುಳಿತು, ಎರಡೂ ಕೈ ಮೊಣಕಾಲಿಗೆ ಊರಿ, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದಿದಂತೆ ಸೇದುತ್ತಿದ್ದಳು. ಹಾವೇರಿಯ ಡಾಕ್ಟರು ಔಷಧಿ ಬರೆದುಕೊಟ್ಟು, ಕೊನೆಗೆ "ಊರು ಬಿಡಿಸ್ರಿ" ಎಂದರು. ಸುಗ್ಗಿಗೆ ತವರಿಗೆ ಹೋಗುವಳು. ವರ್ಷ ವರ್ಷಕ್ಕೂ ತಿರುಗಿ ಬರುವುದು ತಡವಾಗತೊಡಗಿತು. ಬೇರೆ ಕಡೆ ಮನೆ ಮಾಡಿ ಎಂದು ಅವಳು ಕೇಳಿದ್ದಳು. ಒಮ್ಮೆ ಅವಳ ಅಣ್ಣನೇ ಹೇಳಿಕಳಿಸಿದ: ಮೆಣಸಿನಕಾಯಿ ಗಾಳಿ ಇಲ್ಲದ ಕಡೆ ಮನೆ ಮಾಡಿದರೆ ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಮಾಮು ಕೆಲಸ ಬಿಟ್ಟು ಊರಿಗೆ ಬಂದಿದ್ದ. ಅವನು ತಂದ ಸಾಮಾನಿನಲ್ಲಿ ಒಂದು ವಿಡಿಯೊ ಕ್ಯಾಸೆಟ್ ಇತ್ತು. ಬಾಡಿಗೆಗೆ ವಿಸಿಆರ್ ತಂದು ನಮಗೆಲ್ಲ ತೋರಿಸಿದ. ಬಟಾಬಯಲಲ್ಲಿ ಕಾಂಕ್ರೀಟಿನ ದೊಡ್ಡ ಹೊಂಡ. ಒಂದು ತುದಿಯಿಂದ ಅಲೆ ಏಳುತ್ತದೆ, ಹಲಗೆಯ ಮೇಲೆ ಮೊಣಕಾಲು ಬಾಗಿಸಿ ನಿಂತವನೊಬ್ಬ ಅದರ ಜೊತೆ ಜಾರಿ ಬರುತ್ತಾನೆ.

"ಅಂವ ಎಲ್ಲಿಗೆ ಹೊಂಟಾನ?" ಎಂದು ನಾನಿ ಕೇಳಿದಳು.

"ಎಲ್ಲಿಗೂ ಇಲ್ಲ ಅಮ್ಮಾ. ದಂಡಿಗೆ ಬರ್ತಾನ, ಮತ್ತ ತಿರುಗಿ ಹೋಗ್ತಾನ."

"ಅದಕ್ಕ ರೊಕ್ಕ ಕೊಡ್ತಾನ?"

"ಕೊಡ್ತಾನ."

"ಹುಚ್ಚ ಅದಾನ," ಎಂದು ನಾನಿ ಎಲೆ ಅಡಿಕೆ ಡಬ್ಬಿ ಬಿಚ್ಚಿದಳು.

ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿಗೆ ತಾಗಿ ನಮ್ಮದೊಂದು ತುಂಡು ನೆಲವಿತ್ತು. ಅಲ್ಲಿ ಮನೆ, ಮನೆಯ ಮುಂದೆ ಅಲೆಯ ಕೊಳ ಎಂದು ಮಾಮು ನಿರ್ಧರಿಸಿದ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ವಾದಕ್ಕೆ ನಿಂತರೆ ನನಗೂ ಅವನಿಗೂ ಕನ್ನಡವೇ ಬೇಕು.

"ಪ್ರಶ್ನೆ ಒಂದು," ಎಂದೆ. "ಮನಿ ಕಟ್ಟಿದ್ರ ಮಾಮಿ ಬರ್ತಾಳ. ನಡುವ ಈ ಅಲಿ ಯಾಕ?"

"ಬರೇ ಮನಿ ಕಟ್ಟಿದ್ರ ಅಕಿ ಆ ಬಯಲಾಗ ಕುಂತು ಏನ್ ನೋಡಬೇಕು, ಲಾರಿ?"

"ಕರೆಂಟ್ ಎಲ್ಲಿರ್ತೈತಿ?"

"ಇದ್ದಾಗ ಸಮುದ್ರ. ಇಲ್ಲದಾಗ ಕೆರಿ."

"ನಮ್ ಕಡೆ ಮೈ ತೋಯಿಸ್ಕೊಳ್ಳಾಕ ಯಾರು ಟಿಕೆಟ್ ತಗೋತಾರ?"

"ಹುಬ್ಬಳ್ಳಿ ಬಸ್ಸೆಲ್ಲ ಅಲ್ಲೇ ಹಾಯ್ತಾವ. ಸಾಲಿ ಹುಡುಗ್ರು ಟ್ರಿಪ್ಪಿಗೆ ಬರ್ತಾರ. ಹಲಗಿ ಬಾಡಿಗಿಗೆ ಇಡ್ತೇನಿ. ವಾರಕ್ಕೊಂದಿನ ಹೆಣ್ಮಕ್ಕಳಿಗಷ್ಟ, ಅವತ್ತು ನಿನ್ ಮಾಮಿ ಈಜು ಕಲಿಸ್ತಾಳ. ಮತ್ತೇನೈತಿ ಕೇಳು, ವಕೀಲವ್ವಾ."

ಆ ಬಯಲಿನಲ್ಲಿ ಮಾಮಿ ಸೊಂಟದವರೆಗಿನ ನೀರಿನಲ್ಲಿ ನಿಂತು ಹುಡುಗಿಯರಿಗೆ ಕೈ ಬೀಸಲು ಕಲಿಸುವುದು ಕಣ್ಣಿಗೆ ಕಟ್ಟಿಬಿಟ್ಟಿತು.

ಕೊಳ ಎದ್ದಿತು. ಹೆದ್ದಾರಿಯ ಕಡೆ ನೆಲದ ಮಟ್ಟಕ್ಕಿದ್ದು, ಮನೆಯ ಕಡೆಗೆ ಇಳಿಯುತ್ತ ಹೋಗಿ ಆಳೆತ್ತರ ದಾಟುವ ನುಣುಪು ಇಳಿಜಾರು. ಆಳದ ತುದಿಯಲ್ಲಿ ಬಾಗಿಲಿನಂಥ ಅಗಲ ಕಬ್ಬಿಣದ ತಗಡು. ಮೋಟಾರು ಅದನ್ನು ಹಿಂದಕ್ಕೆ ಮುಂದಕ್ಕೆ ತಳ್ಳಬೇಕು, ಅದು ನೀರನ್ನು ತಳ್ಳಬೇಕು. ಮೋಟಾರು ರಾಣೇಬೆನ್ನೂರಿನ ಹತ್ತಿ ಮಿಲ್ಲೊಂದರ ಹಳೆಯದು. ನೀರು ಬೀಳುವ ಮೊದಲೇ ಅದಕ್ಕೆ ಸಮುದ್ರ ಎಂದು ಹೆಸರು ಬಿದ್ದಾಗಿತ್ತು. "ಸಮುದ್ರದ ಹಂತೇಕ ಯಾರ್ರೀ ಇಳಿಯೋರು? ಲಗೂ ಇಳೀರಿ, ತೆರಿ ಬಂದಾವು!" ಎಂದು ಕಂಡಕ್ಟರುಗಳು ಕೂಗುತ್ತಿದ್ದರು.

ಮನೆಗೆ ಸುಣ್ಣ ಬಳಿದದ್ದೂ ಆಯಿತು. ಆದರೆ ರಾಣೇಬೆನ್ನೂರಿನ ವರ್ಕ್‌ಶಾಪಿನಲ್ಲಿ ಮೋಟಾರಿನ ಗೇರು ಸಿದ್ಧವಾಗದೆ ಕೊಳ ಒಣಗಿಕೊಂಡೇ ಉಳಿಯಿತು. ಅಷ್ಟರಲ್ಲಿ ಸುಗ್ಗಿ ಬಂತು, ಸುಗ್ಗಿಯ ನಡುವೆ ಅಕಾಲದ ಮಳೆ ಬಂತು. ಬ್ಯಾಡಗಿ ಪೇಟೆಗೆ ಹೊರಟ ಮೆಣಸಿನಕಾಯಿ ಚೀಲಗಳು ದಾರಿಯಲ್ಲೇ ತೋಯ್ದವು. ಕುಪ್ಪೇಲೂರಿನ ರೈತನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಕೊಳವನ್ನೇ ನೋಡುತ್ತ ನಿಂತ.

"ಸಾಹೇಬ್ರ, ನಿಮ್ ಸಮುದ್ರದಾಗ ನೀರಿಲ್ಲಲ್ರೀ. ಎರಡು ದಿನ ಕಾಯಿ ಹರವಿಕೊಳ್ಳಲೇನ್ರಿ? ಬೂಸ್ಟು ಹಿಡಿದ್ರ ಕೇಳೋರಿಲ್ರಿ ಇದನ್ನ."

ನಮ್ಮ ಕಡೆ ಕಣ ಕೇಳಿ ಬಂದವರಿಗೆ ಇಲ್ಲ ಎನ್ನುವುದಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ರಾಶಿಗೆ ಒಂದೇ ಕಣದಲ್ಲಿ ಇಳಿಯುತ್ತಾರೆ. ಮಾಮು ಜನ್ಮದಲ್ಲಿ ನೇಗಿಲು ಹಿಡಿದವನಲ್ಲ. ಆದರೂ ಬೆಳೆ ಎದುರಿಗೆ ತೊಟ್ಟಿಕ್ಕುತ್ತ ನಿಂತಾಗ ಅವನ ಬಾಯಿಂದ ಬಂದದ್ದು ಅದೇ ಹಳೆಯ ಮಾತು: "ಹರವ್ರಿ."

ರೈತ ಕಣಕ್ಕೆ ಇಳಿಯುವಂತೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಹಣೆಗೊತ್ತಿಕೊಂಡು ಕೊಳದೊಳಗೆ ಇಳಿದ. ಅವನ ಹಿಂದೆ ಗುತ್ತಲದ ಕಡೆಯವರು ಬಂದರು, ಅವರ ಹಿಂದೆ ಇನ್ನೂ ಯಾರೋ. ರಸ್ತೆಯಿಂದ ನೋಡಿದರೆ ಮಾಮಿಗೆಂದು ಕಟ್ಟಿದ ಇಳಿಜಾರು ತುಂಬ ಕೆಂಪು. ಚೆಂದವೇ ಕಾಣುತ್ತಿತ್ತು, ಅದನ್ನೂ ಹೇಳಬೇಕು.

"ಮಾಮು, ಮಾಮಿ ಊರು ಯಾಕ ಬಿಟ್ಟಾಳ?" ಎಂದು ಕೇಳಿದೆ.

"ಘಾಟಿಗೆ."

"ಇದೇನು ಮತ್ತ?"

"ತೊಳದ್ರ ಹೋಗ್ತೈತವಾ. ನಮ್ ಕಾಯಿಗೆ ಖಾರ ಎಲ್ಲೈತಿ, ಬರೇ ಬಣ್ಣ."

"ಹಂಗಾದ್ರ ಒಂದು ಚೀಲ ಮಾಮಿ ಮುಂದ ಸುರುವು. ಇಲ್ಲ ಅಂತ ಹೇಳು ಅವರಿಗೆ."

"ಏನಂತ ಹೇಳ್ಲಿ? ನನ್ ಹೆಂಡ್ತಿ ನೀರಾಗ ಆಡಬೇಕು, ನಿಮ್ ಬೆಳಿ ಕೊಳೀಲಿ ಅಂತ ಹೇಳ್ಲೇನು?"

ಸ್ಪರ್ಧೆಯ ವೇದಿಕೆಯಲ್ಲಾದರೆ ಇದಕ್ಕೆ ಏನಾದರೂ ಹುಟ್ಟಿಸಿ ಹೇಳುತ್ತಿದ್ದೆ. ಅಲ್ಲಿ ಆ ರೈತನ ಹೆಂಡತಿ ಒದ್ದೆ ಕಾಯಿಗಳನ್ನು ಮಗುವಿನ ತಲೆ ಒರೆಸಿದ ಹಾಗೆ ಸೆರಗಿನಿಂದ ಒರೆಸುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ಮಾಮು ಆಳು ಹಚ್ಚಿ ಕೊಳ ತೊಳೆಸಿದ, ತಾನೂ ತಿಕ್ಕಿದ. ನೀರು ಕೆಂಪಾಗಿ, ಗುಲಾಬಿಯಾಗಿ, ಕೊನೆಗೆ ತಿಳಿಯಾಗಿ ಹರಿಯಿತು. ಕಬ್ಬಿಣದ ತಗಡಿನ ಹಿಂದೆ ಕೈ ಹೋಗದಷ್ಟು ಕಿರಿದಾದ ಸಂದಿಯಿತ್ತು. ಗಾಳಿ ತೂರಿದ ಬೀಜ, ಪುಡಿ ಎಲ್ಲ ಅಲ್ಲಿ ಹೋಗಿ ಕೂತದ್ದನ್ನು ಯಾರೂ ನೋಡಲಿಲ್ಲ. ನೋಡಿದ್ದರೂ ಬರೇ ಬಣ್ಣ ಎಂದೇ ಬಿಡುತ್ತಿದ್ದರು.

ಬೇಸಿಗೆಯಲ್ಲಿ ಮಾಮಿ ಅಣ್ಣನ ಜೊತೆ ಬಂದಳು. ಹೊಸ ಮನೆಯ ಕಿಟಕಿಗಳನ್ನೆಲ್ಲ ತೆಗೆದು, ಪ್ರತಿ ಕಿಟಕಿಯಲ್ಲೂ ನಿಂತು ಉಸಿರೆಳೆದು ನೋಡಿದಳು. "ಅಡ್ಡಿಲ್ಲ, ಗಾಳಿ ಚೊಲೋ ಉಂಟು," ಎಂದಳು. ಕೊಳ ನೋಡಿ ನಕ್ಕಳು. "ಎಂತ ಮಾರಾಯ್ರೆ, ಇಷ್ಟೆಲ್ಲ ಮಾಡಿ ಉಪ್ಪು ಹಾಕ್ಲಿಕ್ಕೆ ಮರ್ತ್ರಾ?"

"ನೀ ಇರ್ತೇನಿ ಅನ್ನು, ಉಪ್ಪೂ ತರಿಸ್ತೇನಿ," ಎಂದ ಮಾಮು.

ಗೇಟಿನ ಹೊರಗೆ ಮಂದಿ ಸೇರಿದ್ದರು. ಮೊದಲು ಅವಳು ಇಳಿಯಬೇಕು ಎಂಬುದು ಅವನ ಹಟ. ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಇಳಿದಳು. ಪೇಟೆಯ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದವಳು ಆ ತುದಿಗೆ ಈಜಿ, ತಿರುಗಿ, ಮುಖ ಮೇಲೆ ಮಾಡಿ ತೇಲಿದಳು. ಮಾಮು ಸ್ವಿಚ್ ಹಾಕಿದ. ಮೊದಲು ನೀರು ಉಬ್ಬಿತಷ್ಟೆ. ಆಮೇಲಿನದು ಎದ್ದು ನಿಂತು, ನೊರೆಯಾಗಿ ಮುರಿಯಿತು. ಗೇಟಿನಲ್ಲಿ ಸಿಳ್ಳೆ, ಕೇಕೆ. ತಡೆಯಲಾರದೆ ಒಂದಿಷ್ಟು ಹುಡುಗರು ಹಾರಿ ಬಂದು ನೀರಿಗೆ ಬಿದ್ದರು. ಮಾಮಿ ಕಡಲಿನವರ ಹಾಗೆ ಅಲೆಗೆ ಎದುರಾಗಿ, ಅದರ ಅಡಿಯಲ್ಲಿ ಮುಳುಗಿ ಆಚೆ ಎದ್ದಳು. ಇನ್ನೊಮ್ಮೆ ಮುಳುಗಿದಳು.

ಆಗ ತಗಡಿನ ಹಿಂದಿನಿಂದ ಹಳದಿ ಬೀಜಗಳು ಅಲೆಯ ಮೇಲೇರಿ ಬಂದವು, ಜೊತೆಗೆ ಕೆಂಪು ಕದಡು. ಹುಡುಗರು ಕಣ್ಣು ಉಜ್ಜಿಕೊಳ್ಳುತ್ತ ನಳದ ಕಡೆ ಓಡಿದರು. "ಲೇ, ಸಾರಿನಾಗ ಇಳಿಸ್ಯಾರಲೇ ನಮ್ಮನ್ನ!" ಎಂದು ಒಬ್ಬ ಕೂಗಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಖ ತೊಳೆದುಕೊಂಡರೆ ಅವರಿಗೆ ಮುಗಿಯಿತು. ಮಾಮಿ ನೀರಿನಿಂದ ಎದ್ದವಳು ಕೆಮ್ಮಿದಳು, ಬಾಯಿ ತೆರೆದಳು, ಒಳಗೆ ಏನೂ ಹೋಗಲಿಲ್ಲ. ಸ್ವಿಚ್ ಆರಿಸುವುದನ್ನು ಬಿಟ್ಟು ಮಾಮು ಅಂಗಿ ಚಪ್ಪಲಿ ಸಮೇತ ನೀರಿಗೆ ಓಡಿದ. ಅವಳನ್ನು ಹಿಡಿದು ದಂಡೆಗೆ ತರುತ್ತಿದ್ದರೆ ಅವನು ಮಾಡಿದ ಅಲೆಗಳೇ ಒಂದರ ಹಿಂದೊಂದು ಅವರಿಬ್ಬರ ಬೆನ್ನಿಗೆ ಬಡಿಯುತ್ತಿದ್ದವು.

ಹಾವೇರಿಯ ಆಸ್ಪತ್ರೆಯಲ್ಲಿ ಉಸಿರು ಹತೋಟಿಗೆ ಬಂತು. ಸೆಕೆಯ ವಾರ್ಡಿನಲ್ಲಿ ಮಾಮು ಎಲ್ಲವನ್ನೂ ಹೇಳಿದ, ಮಳೆ, ತೋಯ್ದ ಚೀಲ, ಕುಪ್ಪೇಲೂರಿನವನು.

"ಮಂದಿ ಕೈ ಮುಗದು ಕೇಳಿದ್ರು," ಎಂದ.

"ನಾನೂ ಕೇಳಿದ್ದೆ ಅಲ್ವಾ," ಎಂದಳು ಮಾಮಿ.

ಅಲ್ಲಿಂದಲೇ ಅಣ್ಣ ಅವಳನ್ನು ಕರೆದುಕೊಂಡು ಹೋದ.

ತಗಡು ಬಿಚ್ಚಿ, ಸಂದಿಯನ್ನೆಲ್ಲ ಕೆರೆದು, ಮಾಮು ಕೊಳವನ್ನು ಮತ್ತೆ ತುಂಬಿಸಿದ. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ಜನ ಬಂದರು. ಹಲಗೆಯ ಮೇಲೆ ಗಳಿಗೆ ಹೊತ್ತು ನಿಂತವನನ್ನು ಊರವರು ಹೆಗಲ ಮೇಲೆ ಹೊತ್ತದ್ದೂ ಉಂಟು. ಒಗ್ಗಲಿಲ್ಲ ಎನ್ನುವವರು ಇದನ್ನು ಮರೆಯುತ್ತಾರೆ. ಹೆಣ್ಣುಮಕ್ಕಳ ದಿನ ಮಾತ್ರ ಶುರುವಾಗಲೇ ಇಲ್ಲ. ಕಲಿಸುವವಳು ಇರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಕೊಳ ಖಾಲಿಯಿದ್ದಾಗ ಕುಪ್ಪೇಲೂರಿನವನು ಮತ್ತೆ ಬಂದ. ಮಾಮು ಗೇಟು ತೆರೆಯಲಿಲ್ಲ. "ಇಲ್ಲ ರೀ," ಎಂದ. ಟ್ರ್ಯಾಕ್ಟರ್ ಹೋದಮೇಲೂ ಸರಳು ಹಿಡಿದು ಅಲ್ಲೇ ನಿಂತಿದ್ದ. ಪೇಟೆಯಲ್ಲಿ ಅವನೊಡನೆ ಮಾತು ಕಡಿಮೆಯಾಯಿತು. ಕಣ ಇಲ್ಲ ಎಂದವನು ಎಂದು ಬೆರಳು ತೋರಿಸಿದರು.

"ನೀ ವಾದ ಮಾಡಿ ಕಪ್ ಗೆದ್ದಾಕಿ," ಎಂದು ಅವನು ನನಗೆ ಹೇಳಿದ. "ಹೋಗಿ ಅಕಿ ಕೂಡ ಮಾತಾಡು. ಇಲ್ಲ ಅಂದೇನಿ ಅಂತ ಹೇಳು."

ಹೊನ್ನಾವರಕ್ಕೆ ಹೋದೆ. ಕಡಲ ದಂಡೆಯಿಂದ ಅವರ ಮನೆಗೆ ಕಡಿದಾದ ಏರು. ಮಾಮಿಯ ಜೊತೆ ಏರುತ್ತಲೇ ನನ್ನ ವಾದ ಮಂಡಿಸಿದೆ. ಮನೆ ಇದೆ, ಸಂದಿ ಕೆರೆದಾಗಿದೆ, ಗೇಟಿಗೆ ಬೀಗ ಬಿದ್ದಿದೆ, ನಿನಗಾಗಿ ಅವನು ಊರಿನ ಮಾತು ಕೇಳಿಸಿಕೊಳ್ಳುತ್ತಿದ್ದಾನೆ.

"ಇಲ್ಲ ಅಂದ್ರಾ, ಅವ್ರು?" ಎಂದಳು. ಅವಳ ಕಣ್ಣು ತುಂಬಿತು. "ಪಾಪ. ಹ್ಯಾಂಗೆ ಅಂದ್ರೋ ಏನೋ." ಆಮೇಲೆ ನನ್ನ ಓದು, ನಾನಿಯ ಮಂಡಿನೋವು, ಈ ಸಲದ ಮೀನು, ಏನೇನೋ ಮಾತಾಡುತ್ತ ನಡೆದಳು. ವಾದ ಮಾಡುವವರಿಗೆ ಒಂದು ಚಟವಿರುತ್ತದೆ. ಎದುರಿನವರು ಉಸಿರಿಗೆ ನಿಲ್ಲುವ ಜಾಗಕ್ಕೆ ಕಾಯುತ್ತೇವೆ, ಅಲ್ಲೇ ನಮ್ಮ ಮಾತು ನುಗ್ಗಿಸುತ್ತೇವೆ. ಕಾದೆ. ಏರು ಮುಗಿಯಿತು. ಏದುತ್ತಿದ್ದವಳು ನಾನು.

ನಾನು ಮತ್ತೆ ಅವಳನ್ನು ಬಾ ಎನ್ನಲಿಲ್ಲ.

ಹಾವೇರಿ ಬಸ್ ನಿಲ್ದಾಣದಲ್ಲಿ ಮಾಮು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ನಾನು ಇಳಿದಮೇಲೂ ಬಸ್ಸಿನ ಬಾಗಿಲನ್ನೇ ನೋಡಿದ. ಕೊನೆಯ ಮುದುಕ ಇಳಿಯುವವರೆಗೂ ನೋಡಿದ.

"ಹೆಂಗ ಅದಾಳ?"

"ಏರು ದಾರಿ ಮಾಮು. ಮಾತಾಡಿಕೋಂತ ಹತ್ತಿದ್ಲು."

"ಎಲ್ಲೂ ನಿಂದರಲಿಲ್ಲ?"

"ಎಲ್ಲೂ ನಿಂದರಲಿಲ್ಲ."

ಅವನು ತಲೆಯಾಡಿಸಿದ. "ಹಂಗಾದ್ರ ಅಲ್ಲೇ ಇರ್ಲಿ," ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡ. ಮೋಟೆಬೆನ್ನೂರಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಸೀಟುಗಳೂ ಖಾಲಿ ಇದ್ದವು. ಅವನು ಹತ್ತಲಿಲ್ಲ. ಅದು ಹೋಯಿತು. ಮುಂದಿನದರಲ್ಲಿ ಹೋದರಾಯಿತು ಎಂದ.