ಮೂರು ಸಲ ಕೇಳ್ರಿ

ಸಿಂಧನೂರಿನಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟ ಹುಡುಗಿಯರಿಗೆ ನಾನು ಜರ್ಮನ್ ಕಲಿಸುತ್ತೇನೆ. ಅವತ್ತು ಊಟದ ಪದಗಳ ಪಾಠ, ಆಟದ ಮೂಲಕ. ನಾನು ಬ್ರೆಡ್ಡಿನ ಚಿತ್ರವಿರುವ ಚೀಟಿ ತೋರಿಸಿ "ಬ್ರೋಟ್?" ಅನ್ನಬೇಕು. "ಯಾ, ಬ್ರೋಟ್" ಅಂದವರಿಗೆ ಆ ಚೀಟಿ. ಬೇಡವೆಂದು "ನೈನ್" ಅಂದರೆ ಪಕ್ಕದವರ ಸರದಿ.

ಇಡೀ ಕ್ಲಾಸು ನೈನ್ ಅಂತು. ಬ್ರೆಡ್ಡೂ ಬೇಡ, ಹಾಲೂ ಬೇಡ, ಆಲೂಗಡ್ಡೆಯೂ ಬೇಡ. ಪರೀಕ್ಷೆ ಹತ್ತಿರ ಬಂದಿದೆ, ಒಂದು ಪದವೂ ತಲೆಗೆ ಇಳಿದಿಲ್ಲವಲ್ಲ ಅಂತ ನನಗೆ ಸಿಟ್ಟೇ ಬಂತು.

ಮುಕ್ಕುಂದದ ರೇಣುಕಾ ಎದ್ದಳು. "ಎಲ್ಲಾ ಗೊತ್ತೈತ್ರಿ ಸರ್. ಕೇಳಿದ ಕೂಡ್ಲೇ ಹೂಂ ಅಂದ್ರ, ಉಣ್ಣಾಕ ಕಾದು ಕುಂತಿದ್ಲು ಅನ್ನಂಗಿಲ್ಲೇನ್ರಿ ಮಂದಿ? ನೀವು ಮೂರು ಸಲ ಕೇಳ್ರಿ."

ಚೀಟಿ ಇಸಕೊಂಡು ತಾನೇ ಬಡಿಸಲು ನಿಂತಳು. ಆಲೂಗಡ್ಡೆ ಒಲ್ಲೆ ಅಂದವಳ ಮುಂದೆ "ಕಾರ್ಟೋಫೆಲ್, ಕಾರ್ಟೋಫೆಲ್" ಅಂತ ಗಂಟುಬಿದ್ದಳು. ಮೂರನೇ ಸಲಕ್ಕೆ ಎಲ್ಲರೂ ಸೋತು ತಗೊಂಡರು. ಅರ್ಧ ತಾಸಿನಲ್ಲಿ ಹಿಂದಿನ ಬೆಂಚಿಗೂ ಅಷ್ಟೂ ಪದ ಬಾಯಿಪಾಠ! ನನಗೆ ಈ ಉಪಾಯ ಯಾವತ್ತೂ ಹೊಳೆದಿರಲಿಲ್ಲ.

"ಭೇಷ್! ಆದ್ರ ಜರ್ಮನಿಯಾಗ ಒಂದೇ ಸಲ ಕೇಳ್ತಾರವ್ವ. ನೈನ್ ಅಂದ್ರ ಮುಗೀತು," ಅಂದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು.

ಕ್ಲಾಸು ಬಿಟ್ಟ ಮೇಲೆ ರೇಣುಕಾ ನನ್ನ ಮುಂದೆ ಚಹಾದ ಕಪ್ಪು ಹಿಡಿದಳು. "ಟೇ, ಸರ್?"

ನಾನೂ ಇದೇ ಸೀಮೆಯ ಮಸ್ಕಿಯವನೇ, ರೂಢಿಯಂತೆ "ಬ್ಯಾಡವ್ವ" ಅಂದೆ.

ಅವಳು ತಲೆಯಾಡಿಸಿ ಕಪ್ಪನ್ನು ಪಕ್ಕದವಳಿಗೆ ಕೊಟ್ಟಳು.

ಬಸ್ಸಿನಲ್ಲಿ ಮಸ್ಕಿಯವರೆಗೂ ನನ್ನ ಬಾಯಿ ಒಣಗಿತ್ತು. ಆದರೆ ಪಾಠವನ್ನು ಇಷ್ಟು ಚಂದ ಯಾರೂ ಒಪ್ಪಿಸಿರಲಿಲ್ಲ ಬಿಡಿ.