ಕಾಲಿಡಲಾಗದ ಬಿರುದು

ಗೌಸಮೊದ್ದೀನ ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಬಟ್ಟೆಯ ಬ್ಯಾನರ್ ಬರೆದವನು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು, ಅಂಗಡಿಗಳ ಬೋರ್ಡು ನೋಡಿ ನೋಡಿ ಅಕ್ಷರ ತಿದ್ದಿದ. ಹಾಗೆ ಕಲಿತದ್ದು ಅಳಿಸುವುದಿಲ್ಲ.

ಸಿನಿಮಾದ ದೊಡ್ಡ ಬಟ್ಟೆಯನ್ನು ಅಂಗಳದಲ್ಲಿ ಹಾಸಿ, ಅದರ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಸರಿಯುತ್ತ ಬರೆಯುತ್ತಿದ್ದ. ಒಂದು ದಿನದ ಕೆಲಸ. ದೇವರು, ಪೀರರು, ಸ್ವಾಮಿಗಳ ಹೆಸರಿದ್ದರೆ ಮಾತ್ರ ಬಟ್ಟೆ ಗೋಡೆ ಏರುತ್ತಿತ್ತು. ಏಣಿ ಸರಿಸಿ ಸರಿಸಿ ಬರೆಯಲು ಮೂರು ದಿನ. ಆ ಹೆಸರುಗಳ ಮೇಲೆ ಕಾಲು ಹಾಯಬಾರದೆಂಬುದು ಅವನ ಕಟ್ಟು.

೨೦೦೭ರಲ್ಲಿ ಒಂದು ಬುಧವಾರ ಹನಮೇಶ ಬಂದ. ಗ್ಯಾರೇಜಿನ ಮೆಕ್ಯಾನಿಕ್, ನಟ ವಜ್ರಕಾಂತನ ಅಭಿಮಾನಿ. ಸೈಬರ್ ಸೆಂಟರಿನಲ್ಲಿ ಕೂತು ಆರ್ಕುಟ್‌ನಲ್ಲಿ ಎರಡು ಸಾವಿರ ಜನರ ಬಳಗ ಕಟ್ಟಿದ್ದ. ಆ ಬಳಗ ನಟನಿಗೆ ‘ಜಗದ್ಗುರು’ ಎಂದು ಬಿರುದು ಕೊಟ್ಟಿತ್ತು. ಶುಕ್ರವಾರ ಹೊಸ ಸಿನಿಮಾ. ಥೇಟರಿನ ಮುಂದೆ ಮೊದಲು ಬ್ಯಾನರ್ ಕಟ್ಟಿದವರಿಗೇ ಜಾಗ.

“ಕಾಕಾ, ‘ಜಗದ್ಗುರು ವಜ್ರಕಾಂತ’ ಅಂತ ದೊಡ್ಡದಾಗಿ ಬರೀರಿ. ನಾಳಿ ಸಂಜಿಗೆ ಬೇಕು.”

“ಜಗದ್ಗುರು ಅಂದ್ರ ಗೋಡಿಗೆ ಹಾಕಬೇಕು. ಶನಿವಾರ ಬಾ.”

“ಅಯ್ಯ, ಅಷ್ಟೊತ್ತಿಗೆ ಎದುರಿನ ಗುಂಪಿನವ್ರು ಜಾಗಾ ಹಿಡೀತಾರ್ರಿ! ನೆಲದ ಮ್ಯಾಲ ಬರೀರಿ. ಅಂವೇನು ಖರೇ ಸ್ವಾಮೇನ್ರಿ?”

“ಅಲ್ಲಂದ್ರ ಯಾಕ ಹಂಗ ಕರೀತೀರಿ?”

“ಪ್ರೀತಿಗೆ ರೀ.”

“ಪ್ರೀತಿಗೆ ನಿಮ್ಮವ್ವ ನಿನಗ ಏನಂತ ಕರೀತಾಳ?”

ಹನಮೇಶ ತಲೆ ಕೆರೆದುಕೊಂಡ. “ಮಂಗ್ಯಾ ಅಂತಾಳ್ರಿ.”

“ಮತ್ತ, ಅದ್ರಾಗ ಪ್ರೀತಿ ಕಡಿಮಿ ಐತೇನು?”

ಹನಮೇಶ ಹಟ ಬಿಡಲಿಲ್ಲ. ಗೌಸಮೊದ್ದೀನ ಬಟ್ಟೆ ಹಾಸಿದ. ಉದ್ದ ಕೋಲಿಗೆ ಇದ್ದಲಿ ಕಟ್ಟಿ, ಅಂಚಿನ ಹೊರಗೇ ನಿಂತು ಅಕ್ಷರಗಳ ಗೀಟು ಎಳೆದ. ಕುಂಚ ಹನಮೇಶನ ಕೈಗಿತ್ತ.

“ಬಣ್ಣ ನೀ ತುಂಬು. ನಡು ಅಕ್ಷರಕ್ಕ ಹೋಗಬೇಕಂದ್ರ ಮ್ಯಾಲ ಹಾದು ಹೋಗಬೇಕು.”

ಹನಮೇಶ ಚಪ್ಪಲಿ ಬಿಟ್ಟ. ಬಲಗಾಲು ಎತ್ತಿದ, ಹಿಂದಕ್ಕೆಳೆದ. ಹೆಬ್ಬಳ್ಳಿ ಎಂಬ ಹಳ್ಳಿಯ ಹುಡುಗ. ಅವನ ತಾಯಿ ಹೊಳೆವ್ವ ಮಠದ ಬಾಗಿಲಲ್ಲಿ ಇದೇ ಅಕ್ಷರಗಳನ್ನು, ಓದಲು ಬಾರದಿದ್ದರೂ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿ ಬೆಳೆದವನು. ಎಡಗಾಲು ಎತ್ತಿದ. ಅದೂ ಇಳಿಯಲಿಲ್ಲ.

“ಆಗವಲ್ದ್ರಿ ಕಾಕಾ.”

“ಹಂಗಾದ್ರ ಬಟ್ಟಿ ಆ ಕಡೆ ಹಿಡಿ.”

ಇಬ್ಬರೂ ಜಾಡಿಸಿದರು. ಇದ್ದಲಿಯ ಬಿರುದು ಪುಡಿಯಾಗಿ ಉದುರಿತು. ಗೌಸಮೊದ್ದೀನ ಅದೇ ಬಟ್ಟೆಯ ಮೇಲೆ ಕೂತು ‘ನಮ್ಮ ವಜ್ರಕಾಂತ’ ಎಂದು ಗುರುವಾರ ಮಧ್ಯಾಹ್ನಕ್ಕೇ ಮುಗಿಸಿಕೊಟ್ಟ.

ಜಾಗ ಸಿಕ್ಕಿತು. ಆರ್ಕುಟ್‌ನಲ್ಲಿ ಹನಮೇಶ ಫೋಟೊದ ಜೊತೆಗೆ ಒಂದು ನಿಯಮವನ್ನೂ ಹಾಕಿದ: ಇನ್ನು ಮುಂದೆ ದೇವರ, ಗುರುಗಳ, ಪೀರರ ಬಿರುದು ಈ ಬಳಗದಲ್ಲಿ ಯಾರಿಗೂ ಬೇಡ. “ನೀ ಯಾರಲೇ ಹೇಳಾಕ?” ಎಂದು ಬೈದು ನಾನೂರು ಜನ ಬಿಟ್ಟುಹೋದರು. ಅವನು ನಿಯಮ ತೆಗೆಯಲಿಲ್ಲ.

ಮೂರು ವಾರಕ್ಕೆ ಸಿನಿಮಾ ಇಳಿಯಿತು. ಹಳೆಯ ಬ್ಯಾನರುಗಳೆಲ್ಲ ಹೋಗುವಂತೆ ಅದೂ ಅಮರಗೋಳದ ಮಾರ್ಕೆಟ್ಟಿಗೆ ಹೋಗಿ ಒಣಮೆಣಸಿನಕಾಯಿಯ ಕೆಳಗೆ ಹಾಸಾಯಿತು. ಹಮಾಲರು ದಿನವಿಡೀ ಅದರ ಮೇಲೆ ಓಡಾಡಿದರು. ಹನಮೇಶ ಕೂಡ ಒಂದು ದಿನ ಅದನ್ನು ತುಳಿದುಕೊಂಡೇ ಹೋಗಿ ಮನೆಗೆ ಮೆಣಸಿನಕಾಯಿ ತಂದ.